ಅಗ್ಗಕ್ಕೆ ಸಿಕ್ಕ ಪುಟ್ಟ ರೈಲು: ಸುದ್ದಿ ಹಂಚುವುದಕ್ಕೂ ಒಂದು ರೀತಿ ಇದೆ

ಗಂಗಾನಗರದಲ್ಲಿ ಮನೆ ಮಾಡಿದವರು ನಿಜವಾದ ರೈಲು ನೋಡಲು ದೂರ ಹೋಗಬೇಕಿಲ್ಲ. ಒಂದು ಕಡೆ ಹೆಬ್ಬಾಳ ಸ್ಟೇಷನ್, ಇನ್ನೊಂದು ಕಡೆ ಲೊಟ್ಟೆಗೊಲ್ಲಹಳ್ಳಿ, ಇನ್ನೂ ಸ್ವಲ್ಪ ಮುಂದೆ ಯಶವಂತಪುರ. ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಯಲಹಂಕ ಜಂಕ್ಷನ್. 1984ರಿಂದ ದೇಶದ ರೈಲುಗಳಿಗೆ ಗಾಲಿ, ಅಚ್ಚು ತಯಾರಿಸುತ್ತಿರುವ ಕಾರ್ಖಾನೆ ಇರುವುದೂ ಅಲ್ಲೇ. ಆದರೆ ಅದೇ ರೈಲನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿ ಕೋಣೆಯ ಮೇಜಿನ ಮೇಲೆ ಓಡಿಸಬೇಕೆಂಬ ಆಸೆ ಹೊತ್ತವರಿಗೆ, ಕಣ್ಣಾರೆ ನೋಡಿ ಕೈಯಲ್ಲಿ ಹಿಡಿದು ಕೊಳ್ಳುವಂಥ ಅಂಗಡಿ ಸಿಗುವುದು ಕಷ್ಟ. ಅವರ ಪೇಟೆಯೆಲ್ಲ ಇರುವುದು ಫೋನಿನಲ್ಲಿ. ಜರ್ಮನಿಯ ಅಂಗಡಿಯೊಂದು ಹಳೆಯ ಸ್ಟಾಕ್ ಖಾಲಿ ಮಾಡುತ್ತಿದೆ, ಅಮೆರಿಕದ ಯಾರೋ ತಮ್ಮ ಸಂಗ್ರಹವನ್ನೆಲ್ಲ ಹರಾಜಿಗಿಟ್ಟಿದ್ದಾರೆ, ಚೆನ್ನೈನ ಹವ್ಯಾಸಿಯೊಬ್ಬರು ಎರಡು ಕೋಚ್ ಮಾರುತ್ತಿದ್ದಾರೆ ಎಂಬ ಸುದ್ದಿಗಳು ಒಬ್ಬರಿಂದ ಒಬ್ಬರಿಗೆ ಸಾಗುತ್ತವೆ. "ಗುರೂ, ಒಳ್ಳೇ ಡೀಲ್ ಇದೆ, ಬೇಗ ನೋಡಿ" ಎಂಬ ಒಂದು ಸಾಲು, ಕೆಳಗೊಂದು ಲಿಂಕ್.

ಈ ಒಂದು ಸಾಲಿನ ಸುತ್ತ ಸ್ನೇಹ ಬೆಳೆದಿರುವುದೂ ಉಂಟು, ಮಾತು ಬಿಟ್ಟಿರುವುದೂ ಉಂಟು. ಯಾರು ಮೊದಲು ಹೇಳಿದರು, ಯಾರು ಮೊದಲು ಕೊಂಡರು, ಕೊಂಡವರು ಅದನ್ನೇ ಮರುವಾರ ಹೆಚ್ಚಿನ ಬೆಲೆಗೆ ಮಾರಿದರೇ, ಹೇಳಿದವರಿಗೆ ಅದರಿಂದ ಕಮಿಷನ್ ಸಿಕ್ಕಿತೇ ಎಂಬ ಪ್ರಶ್ನೆಗಳು ಎಲ್ಲ ಹವ್ಯಾಸಗಳಲ್ಲೂ ಏಳುತ್ತವೆ. ಪುಟ್ಟ ರೈಲಿನ ಲೋಕದಲ್ಲಿ, ಅದರಲ್ಲೂ ಭಾರತದಲ್ಲಿ, ಅವುಗಳ ತೂಕ ಹೆಚ್ಚು. ಇಲ್ಲಿ ಮಾಲು ಕಡಿಮೆ, ಬೆಲೆ ಜಾಸ್ತಿ, ಕೊಳ್ಳುವವರು ಬಹುಪಾಲು ಪರಸ್ಪರ ಪರಿಚಯದವರೇ.

ಮೊದಲು ಹವ್ಯಾಸದ ಅಳತೆಗಳನ್ನು ತಿಳಿಯಬೇಕು, ಏಕೆಂದರೆ ಅರ್ಧ ಜಗಳಗಳು ಹುಟ್ಟುವುದು ಅಲ್ಲೇ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಓ ಅಳತೆ: 1:87, ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಬ್ರಿಟನ್ನಿನವರು ಅದೇ ಹಳಿಯ ಮೇಲೆ ತುಸು ದೊಡ್ಡದಾದ, 1:76ರ ಓಓ ಅಳತೆಯ ರೈಲು ಓಡಿಸುತ್ತಾರೆ. ಫ್ಲ್ಯಾಟುಗಳಲ್ಲಿ ಇರುವವರಿಗೆ ಒಗ್ಗುವುದು 1:160ರ ಎನ್ ಅಳತೆ, ಹಳಿ 9 ಮಿಲಿಮೀಟರ್. ಭಾರತದ ಬ್ರಾಡ್‌ಗೇಜ್ 1,676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 19 ಮಿಲಿಮೀಟರಿಗಿಂತ ತುಸು ಹೆಚ್ಚು ಬರುತ್ತದೆ. ಅಂಥ ಹಳಿ ಅಂಗಡಿಯಲ್ಲಿ ಸಿದ್ಧವಾಗಿ ಸಿಗದು. ಆದ್ದರಿಂದ ಇಲ್ಲಿನವರು 16.5ರ ಹಳಿಯಲ್ಲೇ ಹೊಂದಿಕೊಳ್ಳುತ್ತಾರೆ. ಭಾರತೀಯ ಎಂಜಿನ್, ಕೋಚ್‌ಗಳ ಮಾದರಿ ತಯಾರಿಸುವವರು ಕೆಲವೇ ಮಂದಿ, ಅದೂ ಸಣ್ಣ ಪ್ರಮಾಣದಲ್ಲಿ. ಹಾಗಾಗಿ ಅಮೆರಿಕದ ಎಂಜಿನ್ ತರಿಸಿ, ಮೈ ಕತ್ತರಿಸಿ, ಬಣ್ಣ ಬಳಿದು ಕೃಷ್ಣರಾಜಪುರಂ ಶೆಡ್ಡಿನ ಡಬ್ಲ್ಯುಡಿಪಿ-4 ಮಾಡಿಕೊಳ್ಳುವ ಹುಮ್ಮಸ್ಸು ಇಲ್ಲಿ ಹುಟ್ಟುತ್ತದೆ. ಡಬ್ಲ್ಯುಡಿಪಿ-4ರ ಮೂಲ ವಿನ್ಯಾಸ ಅಮೆರಿಕದ ಇಎಂಡಿ ಕಂಪನಿಯದೇ ಆದ್ದರಿಂದ ಆ ಕೆಲಸಕ್ಕೆ ಒಂದು ನೆಲೆಯೂ ಇದೆ.

ಉತ್ತರ ಬೆಂಗಳೂರಿನವರಿಗೆ ಇನ್ನೊಂದು ಆಕರ್ಷಣೆ ಇದೆ. ಯಶವಂತಪುರದಿಂದ ಯಲಹಂಕ, ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರಕ್ಕೆ 1915ರ ಹೊತ್ತಿಗೆ ನ್ಯಾರೋಗೇಜ್ ರೈಲು ಬಂದಿತ್ತು. ಹಳಿಯ ಅಗಲ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. 87ರಿಂದ ಭಾಗಿಸಿ: 8.76. ಎನ್ ಅಳತೆಯ 9 ಮಿಲಿಮೀಟರ್ ಹಳಿಗೆ ಅದು ಕೂದಲೆಳೆಯಷ್ಟೇ ವ್ಯತ್ಯಾಸ. ಮೇಲ್ಭಾಗ ಒಡೆದುಹೋದ ಹಳೇ ಎನ್ ಎಂಜಿನ್ ಒಂದು ಜಪಾನಿನಲ್ಲೋ ಅಮೆರಿಕದಲ್ಲೋ ಪುಡಿಗಾಸಿಗೆ ಮಾರಾಟಕ್ಕಿದ್ದರೆ, ಆ ದಾರಿಯ ನಂದಿ ಹಾಲ್ಟ್ ಸ್ಟೇಷನ್ನನ್ನು ಮೇಜಿನ ಮೇಲೆ ಕಟ್ಟುತ್ತಿರುವವರಿಗೆ ಅದರ ಗಾಲಿ-ಮೋಟಾರಿನ ಭಾಗವೇ ಚಿನ್ನ. ಬೇರೆಯವರಿಗೆ ಅದು ಗುಜರಿ. ಯಾರ ಮೇಜಿನ ಮೇಲೆ ಏನು ಏಳುತ್ತಿದೆ ಎಂದು ಗೊತ್ತಿದ್ದವರು ಆ ಲಿಂಕನ್ನು ಎಲ್ಲರಿಗೂ ಎರಚದೆ ಆ ಒಬ್ಬರಿಗೆ ಕಳಿಸುತ್ತಾರೆ. ಅಗ್ಗದ ಸುದ್ದಿ ಹಂಚುವವರಲ್ಲಿ ಇವರದು ಮೇಲ್ಪಂಕ್ತಿ.

ಇನ್ನು ಬೆಲೆ. ಆಟಿಕೆ ಮತ್ತು ಸ್ಕೇಲ್ ಮಾಡೆಲ್‌ಗಳು ಕಸ್ಟಮ್ಸ್ ಪಟ್ಟಿಯಲ್ಲಿ ಒಂದೇ ಶೀರ್ಷಿಕೆಯ ಕೆಳಗೆ ಬರುತ್ತವೆ. ಆ ಶೀರ್ಷಿಕೆಯ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ ಶೇ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯಿತು. ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿದ ಆದೇಶ 2021ರ ಜನವರಿ 1ರಂದು ಜಾರಿಗೆ ಬಂತು. ದೇಶದೊಳಗೆ ಆಟಿಕೆ ತಯಾರಿಕೆ ಬೆಳೆಯಲಿ, ಕಳಪೆ ಮಾಲು ಬರದಿರಲಿ ಎಂಬುದು ಸರ್ಕಾರದ ಉದ್ದೇಶ. ಚನ್ನಪಟ್ಟಣದಂಥ ಊರನ್ನು ಇಟ್ಟುಕೊಂಡ ಕರ್ನಾಟಕ ಅದನ್ನು ತಪ್ಪೆನ್ನಲಾಗದು. ಆದರೆ ಹೊರಗಿನಿಂದ ತರಿಸಿ ಮಾರುವ ಅಂಗಡಿಗಳಿಗೆ ಪುಟ್ಟ ರೈಲು ದುಬಾರಿಯ ಸರಕಾಯಿತು. ಅಂಚೆ, ಕೊರಿಯರ್ ಮೂಲಕ ಸ್ವಂತಕ್ಕೆ ತರಿಸುವವರಿಗೆ ಬೇರೆಯೇ ದರವಿದೆ, ಅದು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ. ಇದಕ್ಕೂ ಮುಂಚೆ 2018ರ ಆಗಸ್ಟ್‌ನಲ್ಲಿ ಇಬೇಯ ಭಾರತೀಯ ತಾಣವೂ ಮುಚ್ಚಿತು. ರೂಪಾಯಿಯಲ್ಲೇ ಬಿಡ್ ಮಾಡಿ ದೇಶದೊಳಗಿನ ಮಾರಾಟಗಾರರಿಂದ ತರಿಸಿಕೊಳ್ಳುತ್ತಿದ್ದವರಿಗೆ ಒಂದು ಬಾಗಿಲು ಹಾಕಿದಂತಾಯಿತು.

ಇಷ್ಟು ಗೊತ್ತಿದ್ದರೆ "ಶೇ 40 ರಿಯಾಯಿತಿ!" ಎಂದು ಬಂದ ಸುದ್ದಿಯನ್ನು ಓದುವ ಬಗೆಯೇ ಬೇರೆಯಾಗುತ್ತದೆ. 100 ಡಾಲರಿನ ಎಂಜಿನ್ 60ಕ್ಕೆ ಇಳಿದಿದೆ, ಬೆಂಗಳೂರಿಗೆ ಸಾಗಣೆ 35 ಡಾಲರ್ ಎಂದಿಟ್ಟುಕೊಳ್ಳಿ. ಸುಂಕ ಹಾಕುವುದು ಎಂಜಿನ್ನಿನ ಬೆಲೆಯ ಮೇಲಷ್ಟೇ ಅಲ್ಲ. ಸಾಗಣೆ, ವಿಮೆ ಎಲ್ಲ ಸೇರಿದ ಮೊತ್ತದ ಮೇಲೆ. ಆ ಸುಂಕವೂ ಕೂಡಿದ ಮೊತ್ತದ ಮೇಲೆ ಐಜಿಎಸ್‌ಟಿ. ಅಂದರೆ ರಿಯಾಯಿತಿಗೆ ಮುಂಚೆ ಲೆಕ್ಕ ಶುರುವಾಗುತ್ತಿದ್ದುದು 135 ಡಾಲರಿನಿಂದ, ಈಗ 95ರಿಂದ. ಉಳಿತಾಯ ಶೇ 40 ಅಲ್ಲ, ಶೇ 30ಕ್ಕೂ ಕಡಿಮೆ. ಮೇಲೆ ಕೊರಿಯರ್ ಕಂಪನಿ ಹಾಕುವ ಕ್ಲಿಯರೆನ್ಸ್ ಶುಲ್ಕ ಸೇರಿದರೆ ಅದು ಇನ್ನೂ ಇಳಿಯುತ್ತದೆ. ಸಾಗಣೆಯೇ 60 ಡಾಲರ್ ಆಗುವ ಭಾರದ ಪೆಟ್ಟಿಗೆಯಾದರೆ ರಿಯಾಯಿತಿಯ ಸೊಗಸೆಲ್ಲ ವಿಮಾನದಲ್ಲೇ ಕರಗಿರುತ್ತದೆ.

ಆದ್ದರಿಂದ ಡೀಲ್ ಹಂಚುವವರ ಮೊದಲ ಕರ್ತವ್ಯ ಮನೆ ಬಾಗಿಲಿನ ಬೆಲೆ ಹೇಳುವುದು. "60 ಡಾಲರ್" ಎಂದು ಹಾಕಿ ಸುಮ್ಮನಾಗುವುದು ಸುಳ್ಳೇನಲ್ಲ, ಆದರೆ ನಂಬಿ ಕೊಂಡವರ ಮನೆಯಲ್ಲಿ ಪಾರ್ಸೆಲ್ ಜತೆ ಬಂದ ಸುಂಕದ ಚೀಟಿ ನೋಡಿ ಆಗುವ ಮಾತುಕತೆಗೆ ಆ ಒಂದು ಸಾಲೇ ಕಾರಣವಾಗುತ್ತದೆ. ತಾವೇ ಅಂಥದ್ದೊಂದನ್ನು ಇತ್ತೀಚೆಗೆ ತರಿಸಿದ್ದರೆ, ಒಟ್ಟು ಎಷ್ಟು ಬಿತ್ತು, ಎಷ್ಟು ದಿನ ಹಿಡಿಯಿತು ಎಂದು ಬರೆದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಎರಡನೆಯದು, ಮಾಲಿನ ಜಾತಕ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಜರ್ಮನಿಯ ಗ್ಯೋಪಿಂಗೆನ್‌ನಲ್ಲಿ 1859ರಲ್ಲಿ ಶುರುವಾದ ಮಾರ್ಕ್ಲಿನ್ ಕಂಪನಿಯ ರೈಲುಗಳು ಗಟ್ಟಿತನಕ್ಕೆ ಹೆಸರಾದವು. ಬಳಸಿದ ಮಾರ್ಕ್ಲಿನ್ ಎಂಜಿನ್ ಅರ್ಧ ಬೆಲೆಗೆ ಕಂಡಾಗ ಹೊಸಬರ ಮನಸ್ಸು ಜಾರುವುದು ಸಹಜ. ಆದರೆ ಮಾರ್ಕ್ಲಿನ್‌ನ ಎಚ್‌ಓ ವ್ಯವಸ್ಥೆಯಲ್ಲಿ ವಿದ್ಯುತ್ ಬರುವುದು ಹಳಿಗಳ ನಡುವೆ ಸಾಲಾಗಿ ಇಣುಕುವ ಪುಟ್ಟ ಲೋಹದ ಮೊಳೆಗಳಿಂದ. ಎಂಜಿನ್ನಿನ ಹೊಟ್ಟೆಯ ಕೆಳಗಿನ ಉದ್ದನೆಯ ಪಟ್ಟಿಯೊಂದು ಆ ಮೊಳೆಗಳ ಮೇಲೆ ಜಾರುತ್ತಾ ಕರೆಂಟ್ ಹೀರುತ್ತದೆ. ಎರಡೂ ಹಳಿಗಳು ವಾಪಸ್ ದಾರಿ ಮಾತ್ರ, ಹಾಗಾಗಿ ಎಡ ಬಲ ಗಾಲಿಗಳ ನಡುವೆ ವಿದ್ಯುತ್ ತಡೆ ಇರುವುದಿಲ್ಲ. ಉಳಿದ ಕಂಪನಿಗಳ ಎಚ್‌ಓ ಹಳಿಯಲ್ಲಿ ಒಂದು ಹಳಿ ಪಾಸಿಟಿವ್, ಇನ್ನೊಂದು ನೆಗೆಟಿವ್. ಅಂಥ ಹಳಿಯ ಮೇಲೆ ಮಾರ್ಕ್ಲಿನ್ ಗಾಲಿ ಇಟ್ಟ ಕ್ಷಣ ಶಾರ್ಟ್ ಸರ್ಕಿಟ್. ಅಳತೆ ಒಂದೇ, ಅಗಲ ಒಂದೇ, ಆದರೂ ಓಡದು. ಲಿಂಕ್ ಹಾಕುವವರು "ಮೂರು ಹಳಿ ವ್ಯವಸ್ಥೆ" ಎಂಬ ಪದಗಳನ್ನು ಸೇರಿಸಿದ್ದರೆ ಸಾಕಿತ್ತು.

ಅಮೆರಿಕದ ಸ್ಟಾರ್ಟರ್ ಸೆಟ್ಟುಗಳದು ಇನ್ನೊಂದು ಕಥೆ. ಹಳಿ, ಎಂಜಿನ್, ನಾಲ್ಕು ಬೋಗಿ, ವೇಗ ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆ ಎಲ್ಲ ಒಂದೇ ಡಬ್ಬಿಯಲ್ಲಿ, ಬೆಲೆಯೂ ಹಿತ. ಆ ಪೆಟ್ಟಿಗೆ 120 ವೋಲ್ಟ್‌ಗೆ ಮಾಡಿದ್ದಾದರೆ ನಮ್ಮ 230 ವೋಲ್ಟ್‌ನ ಸಾಕೆಟ್ಟಿಗೆ ಚುಚ್ಚಿದೊಡನೆ ಸುಟ್ಟ ವಾಸನೆ. ಹಾಗೆಯೇ "ಡಿಸಿಸಿ ರೆಡಿ" ಎಂಬ ಚೀಟಿ. ಡಿಸಿಸಿ ಎಂದರೆ ಒಂದೇ ಹಳಿಯ ಮೇಲೆ ಹಲವು ಎಂಜಿನ್‌ಗಳನ್ನು ಬೇರೆಬೇರೆಯಾಗಿ ನಡೆಸುವ ಡಿಜಿಟಲ್ ವಿಧಾನ. ಪ್ರತಿ ಎಂಜಿನ್ನಿನೊಳಗೂ ಒಂದು ಡಿಕೋಡರ್ ಇರಬೇಕು. "ರೆಡಿ" ಎಂದರೆ ಡಿಕೋಡರ್ ಕೂರಿಸಲು ಸಾಕೆಟ್ ಇದೆ ಎಂದಷ್ಟೇ. ಡಿಕೋಡರ್‌ಗೆ ಬೇರೆ ದುಡ್ಡು. ಇದು ಗೊತ್ತಿಲ್ಲದೆ ಕೊಂಡು ಕೈ ಸುಟ್ಟುಕೊಳ್ಳುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ.

ಇನ್ನು ಹಳೆಯ ಲೋಹದ ಎಂಜಿನ್‌ಗಳು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಅನೇಕ ಮಾದರಿಗಳನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಿದ್ದರು. ಆ ಎರಕದಲ್ಲಿ ಸೀಸದ ಕಲಬೆರಕೆ ತುಸುವೇ ಇದ್ದರೂ ದಶಕಗಳು ಕಳೆದಂತೆ ಲೋಹ ಒಳಗಿನಿಂದ ಉಬ್ಬಿ, ಕೂದಲಿನಂಥ ಬಿರುಕು ಬಿಟ್ಟು, ಕೊನೆಗೆ ಪುಡಿಯಾಗುತ್ತದೆ. ತೇವ ಹೆಚ್ಚಾದಷ್ಟೂ ಬೇಗ. ಇದಕ್ಕೆ ಮದ್ದಿಲ್ಲ. ಮಾರುವವರು ಕೊಡುವ ಫೋಟೊಗಳಲ್ಲಿ ಚಾಸಿಯ ಅಂಚು, ಗಾಲಿಯ ಅಂಚು ಕಾಣಿಸದಿದ್ದರೆ ಕೇಳಿ ತರಿಸಿಕೊಳ್ಳಬೇಕು. ಹವ್ಯಾಸಿಗಳು ಹವ್ಯಾಸಿಗಳಿಗೇ ಮಾರುವಾಗ ಕೇಳುವ ಮೊದಲೇ ತೋರಿಸಬೇಕು. "ಓಡುತ್ತದೆ" ಎಂದರೆ ಎಷ್ಟು ನಿಮಿಷ ಓಡಿಸಿ ನೋಡಿದ್ದು, ತಿರುವಿನಲ್ಲಿ ನಿಂತಿತೇ, ಹಿಮ್ಮುಖವಾಗಿಯೂ ಓಡಿತೇ ಎಂಬುದನ್ನು ಹೇಳುವುದು ಮರ್ಯಾದೆ. ಫೋನಿನಲ್ಲಿ ಅರ್ಧ ನಿಮಿಷದ ವಿಡಿಯೊ ತೆಗೆಯುವುದು ಇಂದು ಯಾರಿಗೂ ಹೊರೆಯಲ್ಲ.

ಎಲ್ಲಕ್ಕಿಂತ ಸೂಕ್ಷ್ಮ ವಿಚಾರ ಹರಾಜು. ಇಬೇಯಂಥ ತಾಣದಲ್ಲಿ ಬಿಡ್ ಮಾಡುವವರು ತಾವು ಕೊಡಬಲ್ಲ ಗರಿಷ್ಠ ಬೆಲೆಯನ್ನು ಮೊದಲೇ ಬರೆದಿಡುತ್ತಾರೆ. ಯಂತ್ರ ಅವರ ಪರವಾಗಿ, ಎದುರಾಳಿಗಿಂತ ಒಂದು ಮೆಟ್ಟಿಲು ಮೇಲೆ ಇರುವಷ್ಟು ಮಾತ್ರ ಏರಿಸುತ್ತದೆ. 20 ಡಾಲರಿಗೆ ಶುರುವಾದ ಹರಾಜಿನಲ್ಲಿ ಒಬ್ಬರ ಗರಿಷ್ಠ 60 ಎಂದುಕೊಳ್ಳಿ. ಬೇರೆ ಯಾರೂ ಬರದಿದ್ದರೆ ಅವರಿಗೆ ಅದು 20ಕ್ಕೇ ಸಿಗುತ್ತದೆ. ಅವರು ಖುಷಿಯಿಂದ ಆ ಲಿಂಕನ್ನು ಗೆಳೆಯರಿಗೆ ತೋರಿಸುತ್ತಾರೆ, ಅವರಲ್ಲೊಬ್ಬರು 75 ಬರೆದಿಡುತ್ತಾರೆ. ಬೆಲೆ ಒಂದೇ ನೆಗೆತಕ್ಕೆ 61ರ ಆಸುಪಾಸಿಗೆ ಹೋಗಿ ನಿಲ್ಲುತ್ತದೆ. ತೋರಿಸಿದವರು ಎಂಜಿನ್ ಕಳೆದುಕೊಂಡರು. ಗೆದ್ದವರು ಮೂರು ಪಟ್ಟು ತೆತ್ತರು. ಬಿಡ್ ಮಾಡುವವರ ಹೆಸರನ್ನು ತಾಣ ಅರ್ಧ ಮರೆಮಾಡುತ್ತದೆ. ಆದರೂ ಪಾರ್ಸೆಲ್ ಬೆಂಗಳೂರಿಗೆ ಬಂದು, ಫೋಟೊ ಹಾಕಿದ ದಿನ ಗುಟ್ಟು ಬಯಲು.

ಇದಕ್ಕೆ ಹವ್ಯಾಸಿಗಳು ಸಾಮಾನ್ಯವಾಗಿ ಪಾಲಿಸುವ ರೂಢಿ ಸರಳ. ತನಗೆ ಬೇಕಾದ ವಸ್ತುವನ್ನು ಹರಾಜು ಮುಗಿಯುವ ತನಕ ಹೇಳಬೇಡ. ತನಗೆ ಬೇಡವಾದದ್ದನ್ನು ಕಂಡ ಕೂಡಲೇ ಹೇಳು. ಹೇಳುವಾಗ "ನಾನು ಬಿಡ್ ಮಾಡುತ್ತಿಲ್ಲ" ಎಂದೂ ಹೇಳು. ಲಿಂಕ್ ಕೊಟ್ಟವರು "ನನಗೆ ಬೇಕು" ಎಂದಿದ್ದರೆ ಉಳಿದವರು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ನೇರ ಮಾರಾಟವಾದರೆ ಮೊದಲು "ನಂಗಿರ್ಲಿ ಸರ್" ಎಂದವರದೇ ಮೊದಲ ಹಕ್ಕು, ಆದರೆ ಆ ಹಕ್ಕಿಗೂ ವಾಯಿದೆ ಇದೆ: ದುಡ್ಡು ಕಳಿಸದೆ ವಾರಗಟ್ಟಲೆ ಹಿಡಿದಿಡುವಂತಿಲ್ಲ.

ಇಲ್ಲೊಂದು ಗೆರೆ ಎಳೆಯಬೇಕಾಗುತ್ತದೆ. ಸ್ನೇಹಿತನ ಎದುರು ಬಿಡ್ ಮಾಡದೆ ಸುಮ್ಮನಿರುವುದು ಸೌಜನ್ಯ. ಆದರೆ ಹತ್ತು ಜನ ಸೇರಿ "ಈ ವಾರ ನೀನು, ಮುಂದಿನ ವಾರ ನಾನು" ಎಂದು ಹಂಚಿಕೊಂಡರೆ ದೂರದಲ್ಲಿ ಕೂತ ಮಾರಾಟಗಾರನ ಜೇಬಿಗೆ ಕತ್ತರಿ. ಬ್ರಿಟನ್ನಿನಲ್ಲಿ ವ್ಯಾಪಾರಿಗಳು ಹಣದ ಆಮಿಷ ಒಡ್ಡಿ ಒಬ್ಬರನ್ನೊಬ್ಬರು ಹರಾಜಿನಿಂದ ದೂರ ಇಡುವುದನ್ನು 1927ರಷ್ಟು ಹಿಂದೆಯೇ ಕಾನೂನು ಮಾಡಿ ತಡೆದರು. ಭಾರತದಲ್ಲಿ 2002ರ ಸ್ಪರ್ಧಾ ಕಾಯ್ದೆ ಉದ್ಯಮಗಳ ನಡುವಿನ ಇಂಥ ಒಳಒಪ್ಪಂದವನ್ನು ಒಪ್ಪುವುದಿಲ್ಲ. ಭಾನುವಾರದ ಹವ್ಯಾಸಿಗಳನ್ನು ಆ ಕಾನೂನುಗಳು ಹುಡುಕಿಕೊಂಡು ಬರುವುದಿಲ್ಲ, ನಿಜ. ಆದರೂ ಮಾರುವವನು ಹಲವು ಸಲ ನಮ್ಮಂತೆಯೇ ಒಬ್ಬ ಹವ್ಯಾಸಿ, ವಯಸ್ಸಾಗಿ ಮೇಜಿನ ಮೇಲಿನ ಹಳಿ-ರೈಲು ಬಿಚ್ಚುತ್ತಿರುವವನು. ಬಿಡ್ ಮಾಡದೆ ಸುಮ್ಮನಿರುವುದು ಇಬ್ಬರು ಗೆಳೆಯರ ನಡುವಿನ ದಾಕ್ಷಿಣ್ಯದ ಮಟ್ಟಕ್ಕೆ ನಿಲ್ಲಬೇಕು.

ಕೂಡಿ ತರಿಸುವ ಪದ್ಧತಿಯೂ ಇದೆ. ನಾಲ್ಕೈದು ಜನ ಸೇರಿ ಒಂದೇ ಪಾರ್ಸೆಲ್ ತರಿಸಿದರೆ ಸಾಗಣೆ ಹಗುರಾಗುತ್ತದೆ. ತಕರಾರು ಏಳುವುದು ಹಂಚುವಾಗ. ಒಬ್ಬರು ಭಾರದ, ಅಗ್ಗದ ಹಳಿಯ ಕಟ್ಟು ತರಿಸಿರುತ್ತಾರೆ. ಇನ್ನೊಬ್ಬರು ಹಗುರಾದ, ದುಬಾರಿ ಎಂಜಿನ್. ಎಲ್ಲವನ್ನೂ ತಲೆಗೆ ಸಮನಾಗಿ ಹಂಚಿದರೆ ಯಾರಾದರೊಬ್ಬರಿಗೆ ಅನ್ಯಾಯ. ಸಾಗಣೆಯನ್ನು ತೂಕದ ಮೇಲೆ, ಸುಂಕವನ್ನು ಬೆಲೆಯ ಮೇಲೆ ಹಂಚುವುದು ನ್ಯಾಯವಾದ ದಾರಿ. ಡಾಲರ್ ದರ ಕಾರ್ಡ್‌ನಿಂದ ದುಡ್ಡು ಹೋದ ದಿನದ್ದು, ಬ್ಯಾಂಕಿನ ಶುಲ್ಕವೂ ಲೆಕ್ಕಕ್ಕೆ ಸೇರಬೇಕು. ದುಡ್ಡು ಮೊದಲು, ಆರ್ಡರ್ ಆಮೇಲೆ. ಯಾರ ಹೆಸರಿನಲ್ಲಿ ಪಾರ್ಸೆಲ್ ಬರುತ್ತದೋ ಕಸ್ಟಮ್ಸ್ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರೂ ಅವರೇ. ಒಂದೇ ಬಗೆಯ ಹತ್ತು ಎಂಜಿನ್ ಒಂದೇ ಹೆಸರಿಗೆ ಬಂದರೆ ಸ್ವಂತ ಬಳಕೆಗೆಂದು ನಂಬಿಸುವುದು ಸುಲಭವಲ್ಲ. "ಬಿಲ್ಲಿನಲ್ಲಿ ಬೆಲೆ ಕಮ್ಮಿ ಬರೆಯಲು ಹೇಳಿ, ಗಿಫ್ಟ್ ಅಂತ ಹಾಕಿಸಿ" ಎಂಬ ಸಲಹೆಯೂ ಡೀಲಿನ ಜತೆ ತೇಲಿಬರುವುದುಂಟು. ಅದನ್ನು ಹಂಚಲೇಬಾರದು. 1962ರ ಕಸ್ಟಮ್ಸ್ ಕಾಯ್ದೆಯಡಿ ಸುಳ್ಳು ಘೋಷಣೆ ಅಪರಾಧ. ಪಾರ್ಸೆಲ್ ಕಳೆದುಹೋದರೆ ಬರೆಸಿದ ಆ ಕಮ್ಮಿ ಬೆಲೆಯ ಮೇಲೆ ಪರಿಹಾರ ಕೇಳಬೇಕಾಗುತ್ತದೆ. ವಿದೇಶದಿಂದ ಬರುವ ನೆಂಟರ ಸೂಟ್‌ಕೇಸ್ ಮತ್ತೊಂದು ಹಳೆಯ ದಾರಿ. ಅಲ್ಲಿ ಮರ್ಯಾದೆ ಇಷ್ಟೇ: ಅವರ ಲಗೇಜಿನ ತೂಕ ಕೇಳಿಕೊಂಡು ಹೇಳುವುದು, ವಿನಾಯಿತಿಯ ಮಿತಿ ಮೀರಿದರೆ ಸುಂಕ ತಮ್ಮದೆಂದು ಮೊದಲೇ ಒಪ್ಪಿಕೊಳ್ಳುವುದು.

ಇನ್ನು ಸುದ್ದಿ ಕೊಟ್ಟವರಿಗೇ ಲಾಭ ಇರುವ ಸಂಗತಿ. ಕೆಲವು ಲಿಂಕುಗಳ ಬಾಲದಲ್ಲಿ ಒಂದು ಗುರುತು ಇರುತ್ತದೆ. ಅದನ್ನು ಒತ್ತಿ ಕೊಂಡರೆ ಹಂಚಿದವರಿಗೆ ಕಮಿಷನ್. ಇದರಲ್ಲಿ ಪಾಪವೇನಿಲ್ಲ, ಮುಚ್ಚಿಡುವುದು ಮಾತ್ರ ತಪ್ಪು. ಜಾಹೀರಾತು ಮಾನದಂಡ ಮಂಡಳಿ 2021ರಲ್ಲೂ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೂ, ಪ್ರತಿಫಲ ಪಡೆದು ವಸ್ತುವನ್ನು ಹೊಗಳುವವರು ಅದನ್ನು ಸ್ಪಷ್ಟವಾಗಿ ತಿಳಿಸಬೇಕು ಎಂದು ಮಾರ್ಗಸೂಚಿ ಹೊರಡಿಸಿವೆ. ಅವು ದೊಡ್ಡ ಪ್ರಭಾವಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಐವತ್ತು ಜನರ ಗುಂಪಿಗೆ ಆ ನಿಯಮದ ಅಗತ್ಯ ಇನ್ನೂ ಹೆಚ್ಚು ಎನ್ನಬೇಕು. ಅಪರಿಚಿತರ ಜಾಹೀರಾತನ್ನು ಜನ ಅನುಮಾನದಿಂದಲೇ ನೋಡುತ್ತಾರೆ, ಗೆಳೆಯನ ಮಾತನ್ನು ಹಾಗೆ ನೋಡುವುದಿಲ್ಲ. 2023ರ ನವೆಂಬರ್ 30ರಂದು ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳ 13 ಬಗೆಯ ವಂಚಕ ವಿನ್ಯಾಸಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಸುಳ್ಳು ತುರ್ತೂ ಒಂದು. "ಎರಡೇ ಪೀಸ್ ಉಳಿದಿದೆ" ಎಂದು ಅಂಗಡಿ ಹೇಳಿದ್ದನ್ನು ಪರೀಕ್ಷಿಸದೆ ಗೆಳೆಯರ ನಡುವೆ ಕೂಗುವವರು ತಿಳಿಯದೆಯೇ ಆ ಅಂಗಡಿಯ ಕೆಲಸ ಮಾಡುತ್ತಾರೆ.

ಅಗ್ಗಕ್ಕೆ ಕೊಂಡು ಹೆಚ್ಚಿಗೆ ಮಾರುವವರ ಬಗ್ಗೆ ಹವ್ಯಾಸಿಗಳಲ್ಲಿ ಒಮ್ಮತವಿಲ್ಲ. ಅಪಾಯ ಹೊತ್ತು, ಮುಂಗಡ ದುಡ್ಡು ಹಾಕಿ, ಸುಂಕ ಕಟ್ಟಿ ತರಿಸಿದವರು ಸ್ವಲ್ಪ ಲಾಭ ಇಟ್ಟುಕೊಂಡರೆ ತಪ್ಪೇನು ಎಂಬುದು ಒಂದು ಮಾತು, ಅದು ಸರಿಯೇ. ಸ್ಟಾಕ್ ತೀರಿಸುವ ಮಾರಾಟದಲ್ಲಿ ಇದ್ದ ಆರನ್ನೂ ಒಬ್ಬರೇ ಬಾಚಿ, ಸುದ್ದಿ ಕೊಟ್ಟವರಿಗೇ ಒಂದನ್ನು ದುಪ್ಪಟ್ಟು ಬೆಲೆಗೆ ಮಾರಲು ಬರುವುದು ಬೇರೆ ಮಾತು. ಗೆಳೆಯರು ಹಂಚಿದ ಸುದ್ದಿಯಿಂದ ಬಂದ ಮಾಲನ್ನು ಗೆಳೆಯರಿಗೆ ಅಸಲಿಗೇ ಕೊಡಬೇಕು.

ಹಂಚುವುದರ ನೀತಿ ಈ ಹವ್ಯಾಸಕ್ಕೆ ಹೊರಗಿನಿಂದ ಬಂದದ್ದಲ್ಲ. ಸಾಫ್ಟ್‌ವೇರ್ ನಂಬಿ ಬದುಕುವ ಬೆಂಗಳೂರಿನವರಿಗೆ ಇದು ರುಚಿಸಬಹುದಾದ ಇತಿಹಾಸ. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ವಿದ್ಯಾರ್ಥಿಗಳು ಕಟ್ಟಿದ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್‌ನಲ್ಲಿ ಹಳಿಗಳ ಕೆಳಗಿನ ತಂತಿ, ಸ್ವಿಚ್ಚುಗಳ ಉಸ್ತುವಾರಿ ಒಂದು ಉಪಸಮಿತಿಯದು. ಟೆಲಿಫೋನ್ ಕಂಪನಿಯಿಂದ ದಾನವಾಗಿ ಬಂದ ರಿಲೇಗಳನ್ನು ಜೋಡಿಸಿ ರೈಲು ನಡೆಸುತ್ತಿದ್ದ ಆ ಹುಡುಗರೇ ಮುಂದೆ ಕಂಪ್ಯೂಟರಿಗೆ ಕೈ ಹಾಕಿದರು. ಬರೆದ ಪ್ರೋಗ್ರಾಮನ್ನು ಡ್ರಾಯರಿನಲ್ಲಿ ಎಲ್ಲರಿಗೂ ಸಿಗುವಂತೆ ಇಡುವ ಪದ್ಧತಿ ಬೆಳೆಸಿದರು. ಹ್ಯಾಕರ್ ಸಂಸ್ಕೃತಿಯ ಚರಿತ್ರೆ ಬರೆದವರು ಆ ಕ್ಲಬ್ಬಿನಿಂದಲೇ ಶುರುಮಾಡುತ್ತಾರೆ.

ಹಂಚಿದ್ದಕ್ಕೆ ಹೆಸರು ಹೇಳಬೇಕು ಎಂಬ ರೂಢಿ ನ್ಯಾಯಾಲಯದ ಮೆಟ್ಟಿಲೇರಿದ್ದೂ ಪುಟ್ಟ ರೈಲಿನ ಕಾರಣಕ್ಕೇ. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ರಾಬರ್ಟ್ ಜೇಕಬ್‌ಸೆನ್ ಮತ್ತು ಜತೆಗಾರರು ಮಾದರಿ ರೈಲನ್ನು ಕಂಪ್ಯೂಟರಿನಿಂದ ನಡೆಸುವ ಜೆಎಂಆರ್‌ಐ ಎಂಬ ತಂತ್ರಾಂಶ ಬರೆದು ಉಚಿತವಾಗಿ ಕೊಟ್ಟಿದ್ದರು. ಷರತ್ತು ಸಣ್ಣದು: ಬಳಸುವವರು ಮೂಲ ಲೇಖಕರ ಹೆಸರು ಉಳಿಸಿಕೊಳ್ಳಬೇಕು, ಏನು ಬದಲಿಸಿದರೆಂದು ತಿಳಿಸಬೇಕು. ಮ್ಯಾಥ್ಯೂ ಕ್ಯಾಟ್ಜರ್ ಎಂಬ ಉದ್ಯಮಿಯ ಕಂಪನಿಯ ಉತ್ಪನ್ನದಲ್ಲಿ ಜೆಎಂಆರ್‌ಐನ ಫೈಲುಗಳು ಆ ಹೆಸರುಗಳಿಲ್ಲದೆ ಕಾಣಿಸಿಕೊಂಡವು. ಮೊಕದ್ದಮೆ ನಡೆದು, 2008ರ ಆಗಸ್ಟ್‌ನಲ್ಲಿ ಅಮೆರಿಕದ ಫೆಡರಲ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ, ಉಚಿತವಾಗಿ ಕೊಟ್ಟದ್ದಾದರೂ ಷರತ್ತು ಮುರಿದರೆ ಕೃತಿಸ್ವಾಮ್ಯದ ಉಲ್ಲಂಘನೆಯೇ ಎಂಬ ನಿಲುವು ತಳೆಯಿತು. 2010ರಲ್ಲಿ ರಾಜಿಯಾಗಿ ಕ್ಯಾಟ್ಜರ್ ಕಡೆಯವರು ಒಂದು ಲಕ್ಷ ಡಾಲರ್ ಕೊಡಲು ಒಪ್ಪಿದರು. ಓಪನ್ ಸೋರ್ಸ್ ಪರವಾನಗಿಗಳ ಬಗ್ಗೆ ಮಾತಾಡುವ ವಕೀಲರು ಇಂದಿಗೂ ಈ ತೀರ್ಪನ್ನು ಉಲ್ಲೇಖಿಸುತ್ತಾರೆ. ನಮ್ಮಲ್ಲಿ ಅದರ ಪಾಠ ತಾಗುವುದು 3ಡಿ ಪ್ರಿಂಟಿಂಗಿಗೆ. ಯಾರೋ ರಾತ್ರಿಗಳನ್ನು ಕಳೆದು ಐಸಿಎಫ್ ಕೋಚಿನ ಕಿಟಕಿ, ಬೋಗಿ ಬಿಡಿಸಿ ಫೈಲನ್ನು ಪುಕ್ಕಟೆ ಹಂಚುತ್ತಾರೆ. ಅದನ್ನು ಪ್ರಿಂಟ್ ಹಾಕಿಸಿ ತಮ್ಮ ಹೆಸರಿನಲ್ಲಿ ಮಾರುವವರು ಮುಂದಿನ ಫೈಲ್ ಬರದಂತೆ ಬಾಗಿಲು ಹಾಕುತ್ತಾರೆ.

ಪರದೆಯ ಆಚೆಗೂ ಅಗ್ಗದ ಮಾಲಿದೆ. ಎಸ್‌ಪಿ ರಸ್ತೆಯ ಇಕ್ಕಟ್ಟಿನ ಅಂಗಡಿಗಳಲ್ಲಿ ಸಣ್ಣ ಎಲ್‌ಇಡಿ, ತೆಳು ತಂತಿ, 12 ವೋಲ್ಟ್ ಅಡಾಪ್ಟರ್, ರಿಲೇಗಳು ಆನ್‌ಲೈನ್ ದರಕ್ಕಿಂತ ಕಡಿಮೆಗೆ ಸಿಗುವುದುಂಟು. ಸಂಡೇ ಬಜಾರಿನಲ್ಲಿ ಹಳೇ ಪ್ರಿಂಟರಿನಿಂದ ಬಿಚ್ಚಿದ ಮೋಟಾರುಗಳ ರಾಶಿಯೇ ಇರುತ್ತದೆ. ಇಂಥ ಜಾಗದ ಸುದ್ದಿ ಹಂಚುವಾಗ ಅಂಗಡಿಯ ಹೆಸರು, ಸಾಲು, ಸಿಗುವ ವಸ್ತು ಹೇಳಿದರೆ ಸಾಕು. ಅಂಗಡಿಯವರು ಪರಿಚಯದ ಮೇಲೆ ಕೊಟ್ಟ ಬೆಲೆಯನ್ನು ಎಲ್ಲರ ಮುಂದಿಟ್ಟರೆ ಮರುದಿನ ಇಪ್ಪತ್ತು ಜನ ಅದೇ ಬೆಲೆ ಕೇಳಿಕೊಂಡು ಬಂದು ಅವರಿಗೆ ಮುಜುಗರ. ಕೌಂಟರಿನಲ್ಲಿ ಅರ್ಧ ಗಂಟೆ ಸಲಹೆ ಕೇಳಿ, ಮನೆಗೆ ಬಂದು ಅದೇ ವಸ್ತುವನ್ನು ಹತ್ತು ರೂಪಾಯಿ ಉಳಿಸಲು ಆನ್‌ಲೈನಿನಲ್ಲಿ ತರಿಸುವುದು ಇನ್ನೂ ಕೆಟ್ಟದ್ದು. ಆ ಅಂಗಡಿ ಮುಚ್ಚಿದರೆ ಸಲಹೆಯೂ ಇಲ್ಲ, ತುರ್ತಿಗೆ ಒಂದು ತುಂಡು ತಂತಿಯೂ ಇಲ್ಲ.

ಕೊನೆಯದಾಗಿ, ಎಲ್ಲರೂ ಮಾತಾಡಲು ಹಿಂಜರಿಯುವ ಅಗ್ಗದ ಮಾರಾಟ ಒಂದಿದೆ. ಹವ್ಯಾಸಿಯೊಬ್ಬರು ತೀರಿಕೊಂಡಾಗ ಮನೆಯವರ ಮುಂದೆ ಡಬ್ಬಿಗಳ ಗುಡ್ಡೆ ಉಳಿಯುತ್ತದೆ. ಯಾವುದು ಎಷ್ಟು ಬೆಲೆಯದು ಎಂದು ಅವರಿಗೆ ತಿಳಿಯದು; ಎಷ್ಟೋ ಸಲ ಖರೀದಿಯ ನಿಜವಾದ ಬೆಲೆಯನ್ನು ಹವ್ಯಾಸಿಗಳೇ ಮನೆಯಲ್ಲಿ ಹೇಳಿರುವುದಿಲ್ಲ. ಆಗ ಬಂದು "ಇದೆಲ್ಲ ಹಳೇದಾಯ್ತಮ್ಮ, ಒಟ್ಟಿಗೆ ಇಷ್ಟು ಕೊಡ್ತೀನಿ" ಎಂದು ಬಾಚಿಕೊಂಡು ಹೋಗುವವರನ್ನು ಯಾವ ಬಳಗವೂ ಸಹಿಸಬಾರದು. ಮಾಡಬೇಕಾದದ್ದು ಇಷ್ಟು: ಗೊತ್ತಿರುವ ಇಬ್ಬರು ಹೋಗಿ, ಒಂದೊಂದನ್ನೂ ತೆರೆದು, ಪಟ್ಟಿ ಮಾಡಿ, ಈಗಿನ ಮಾರುಕಟ್ಟೆಯ ಬೆಲೆ ಬರೆದುಕೊಡುವುದು, ಪಟ್ಟಿ ಮಾಡಿದವರು ಅದರಿಂದ ಕೊಳ್ಳುವುದಾದರೆ ಎಲ್ಲರಿಗೂ ಹೇಳಿ, ಬರೆದ ಬೆಲೆಗೇ ಕೊಳ್ಳುವುದು. ದೊಡ್ಡ ಸಂಗ್ರಹವಾದರೆ ಒಡೆಯದೆ ಸಾರ್ವಜನಿಕರಿಗೆ ತೋರಿಸುವ ದಾರಿಯೂ ಇದೆ. ಪುಣೆಯ ಕೋಥ್ರೂಡ್‌ನಲ್ಲಿ ಬಿ.ಎಸ್. ಜೋಶಿ ಅವರ ಜೀವಮಾನದ ಹವ್ಯಾಸ 1998ರಲ್ಲಿ ಪುಟ್ಟ ರೈಲುಗಳ ಮ್ಯೂಸಿಯಂ ಆಗಿ ಜನರಿಗೆ ತೆರೆದುಕೊಂಡಿತು.

ಮನೆಯವರು ಹಾಗೆ ಕತ್ತಲಲ್ಲಿ ಉಳಿಯದಂತೆ ಪ್ರತಿಯೊಬ್ಬ ಹವ್ಯಾಸಿಯೂ ಇಂದೇ ಮಾಡಬಹುದಾದ ಕೆಲಸ ಒಂದಿದೆ. ಒಂದು ನೋಟ್ ಪುಸ್ತಕ ತೆಗೆದುಕೊಂಡು ನಿಮ್ಮಲ್ಲಿರುವ ಪ್ರತಿ ಎಂಜಿನ್, ಕೋಚು, ಡಿಕೋಡರಿನ ಹೆಸರು, ಅಳತೆ, ಕೊಂಡ ವರ್ಷ, ಸುಂಕವೂ ಸೇರಿ ಬಿದ್ದ ಪೂರ್ತಿ ಬೆಲೆ ಬರೆಯಿರಿ. ಮಾರುವ ಸಂದರ್ಭ ಬಂದರೆ ಯಾರನ್ನು ಕೇಳಬೇಕೆಂದು ನಂಬಿಕೆಯ ಇಬ್ಬರ ಹೆಸರು, ಫೋನ್ ನಂಬರನ್ನು ಮೊದಲ ಪುಟದಲ್ಲೇ ಬರೆದು, ಆ ಪುಸ್ತಕ ಎಲ್ಲಿದೆ ಎಂದು ಮನೆಯವರಿಗೆ ಹೇಳಿಡಿ.